ಮೇಘಳ ಎಡಗಾಲು

ಪದ್ಮನಾಭನಗರ
9 ಜನವರಿ 2025

ಶ್ರೀದೇವಿಗೆ,

ಅಮ್ಮನ ಆಶೀರ್ವಾದ. ಭಾನುವಾರದಿಂದ ನೀನು ಫೋನ್ ಎತ್ತುತ್ತಿಲ್ಲ. ಯಾಕೆಂದು ನನಗೂ ಗೊತ್ತು. ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ. ಪದ್ಮನಾಭನಗರದಿಂದ ನಿಮ್ಮ ಸುದ್ದಗುಂಟೆಪಾಳ್ಯಕ್ಕೆ ಎರಡು ಬಸ್ಸು ಬದಲಾಯಿಸಿದರೆ ಆಯಿತು. ಅಷ್ಟು ದೂರಕ್ಕೂ ಅಂಚೆ ಚೀಟಿ ಬೇಕಾದ ಕಾಲ ಬಂತು ನಮಗೆ.

ಐದನೇ ತಿಂಗಳು ಹತ್ತಿರ ಬಂತು, ಜೂನ್‌ನಲ್ಲಿ ಹೆರಿಗೆ, ಮೇ ಕೊನೆಗೆ ಬಂದುಬಿಡುತ್ತೇನೆ ಎಂದು ಎಷ್ಟು ಖುಷಿಯಿಂದ ಹೇಳಿದೆ ನೀನು. ನಾನು "ಬಾಣಂತನಕ್ಕೆ ನನ್ನ ಮನೆಗೆ ಬರಬೇಡ" ಎಂದುಬಿಟ್ಟೆ. ಅಷ್ಟು ಒರಟಾಗಿ ಹೇಳಬಾರದಿತ್ತು. ಹೇಳಿದ ರೀತಿ ತಪ್ಪು, ಮಾತು ಮಾತ್ರ ಹಾಗೇ ಇರಲಿ. ಹೆತ್ತ ಮಗಳಿಗೆ ತಾಯಿಮನೆಯಲ್ಲೇ ಬಾಣಂತನ ಆಗಬೇಕು ಎನ್ನುವುದು ನನಗೆ ಗೊತ್ತಿಲ್ಲದ್ದಲ್ಲ. ನಿಮ್ಮ ಅತ್ತೆಯವರು ಏನೆಂದುಕೊಳ್ಳುತ್ತಾರೆ ಎನ್ನುವುದೂ ಗೊತ್ತು. ಆದರೂ ಬೇಡ. ಮೇಘಳ ಬಾಣಂತನ ಮಾಡಿದ ಆ ರೂಮಿನ ಬಾಗಿಲನ್ನು ನಾನು ಧೂಳು ಹೊಡೆಯಲು ಮಾತ್ರ ತೆಗೆಯುತ್ತೇನೆ.

ಕಬ್ಬಿಣದ ಮಾತ್ರೆ ತಪ್ಪಿಸಬೇಡ. ಅಳಿಯ ಕೈಲಾಸ್ ಅವರನ್ನು ಕೇಳಿದೆ ಎಂದು ಹೇಳು.

ಅಮ್ಮ


ಸುದ್ದಗುಂಟೆಪಾಳ್ಯ
21 ಜನವರಿ 2025

ಅಮ್ಮ,

ನಿನ್ನ ಕಾಗದ ಬಂತು. ಕೈಲಾಸ್ ಎರಡು ಸಲ ಓದಿ, "ಅತ್ತೆ ಏನು ಹೇಳ್ತಿದಾರೆ ಅಂತ ನಿಂಗಾದ್ರೂ ಅರ್ಥ ಆಯ್ತಾ?" ಅಂದರು. ನನಗೆ ಅರ್ಥವಾಗಿದ್ದು ಒಂದೇ. ಅಕ್ಕ ಹೋದಮೇಲೆ ನಿನಗೆ ಇನ್ನೊಬ್ಬಳು ಮಗಳು ಇದ್ದಾಳೆ ಅನ್ನೋದು ಮರೆತುಹೋಗಿದೆ. ಅವಳು ಸತ್ತು ಒಂದೂವರೆ ವರ್ಷ ಆಯಿತು. ಆಗ ನಾವು ಹುಬ್ಬಳ್ಳಿಯಲ್ಲಿದ್ದೆವು, ನಾನು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವಳ ಮುಖ ಬಿಟ್ಟು ಬೇರೇನೂ ನಾನು ನೋಡಲಿಲ್ಲ. ನೀನು ಅವತ್ತಿನಿಂದ ಅದರ ಬಗ್ಗೆ ಒಂದು ಮಾತೂ ಆಡಿಲ್ಲ.

ಈಗ ಮಾತಾಡಲೇಬೇಕು. ಹೋದವಾರ ಚೆಕಪ್‌ಗೆ ಹೋದಾಗ ಡಾಕ್ಟರ್ ಮೇಡಂ ಮನೆಯವರ ಕಾಯಿಲೆಗಳ ಬಗ್ಗೆ ಕೇಳಿದರು. ಅಕ್ಕ ಹೆರಿಗೆಯಾದ ಹನ್ನೆರಡನೇ ದಿನ ತೀರಿಕೊಂಡಳು ಅಂದೆ. ಪೆನ್ನು ಕೆಳಗಿಟ್ಟರು. "ಏನಾಗಿತ್ತು?" ಅಂದರು. ಆಸ್ಪತ್ರೆಯವರು ಹಾರ್ಟ್ ಇರಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿರಬಹುದು, ಎರಡರಲ್ಲಿ ಒಂದು ಅಂತ ಹೇಳಿದ್ದರು, ಪೋಸ್ಟ್‌ಮಾರ್ಟಮ್ ಬೇಡ ಅಂದುಬಿಟ್ಟೆವು ಅಂದೆ. ಎಣ್ಣೆನೀರು ಹಾಕುತ್ತಿದ್ದ ಕೆಂಪಕ್ಕ ಕಾಲನ್ನು ಒರಟಾಗಿ ತಿಕ್ಕಿದ್ದಳು, ಅದರಿಂದಲೇ ಆಯಿತು ಅಂತ ಎಲ್ಲರೂ ಹೇಳಿದ್ದನ್ನೂ ಹೇಳಿದೆ. ಅವರು ಕೇಳಿದ್ದು ಇಷ್ಟೇ: "ಮೊದಲೇ ಕಾಲು ಊದಿತ್ತಾ? ಯಾವ ಕಾಲು? ಕಾಲಿನ ಸ್ಕ್ಯಾನ್ ಮಾಡಿಸಿದ್ರಾ?" ರಕ್ತ ಹೆಪ್ಪುಗಟ್ಟುವ ಗುಣ ಅಕ್ಕತಂಗಿಯರಿಬ್ಬರಲ್ಲೂ ಇರಬಹುದಂತೆ.

ಅಕ್ಕನ ಫೈಲ್ ಇದ್ದರೆ ಕಳಿಸು. ಬಾಣಂತನ ಮಾಡದಿದ್ದರೂ ಇಷ್ಟು ಮಾಡು.

ಶ್ರೀದೇವಿ


ಪದ್ಮನಾಭನಗರ
3 ಫೆಬ್ರವರಿ 2025

ಶ್ರೀದೇವಿ,

ಅಳಿಯ ಸುಮನ್ ತಿಪಟೂರಿಗೆ ಹೋಗುವಾಗ ಮೇಘಳ ಫೈಲ್ ತೆಗೆದುಕೊಂಡು ಹೋದರು ಎಂದು ನೆನಪು. ಇಲ್ಲಿ ಏನೂ ಇಲ್ಲ. ಸ್ಕ್ಯಾನ್ ಮಾಡಿಸಿರಲಿಲ್ಲ.

ಮೇಘಳ ಮಗಳು ಸಮನ್ವಿತಾ ಈಗ ಓಡಾಡುತ್ತಾಳಂತೆ. ಅವಳ ಅಜ್ಜಿ ವೀಡಿಯೋ ಕಳಿಸಿದ್ದರು. ಮಗುವಿನ ಹುಬ್ಬು ಥೇಟು ಮೇಘಳದ್ದು. ಎರಡನೇ ಸಲ ನೋಡಲಾಗಲಿಲ್ಲ.

ಕೊಬ್ಬರಿ ಚಟ್ನಿಪುಡಿ ಮಾಡಿದ್ದೇನೆ, ಎದುರುಮನೆ ಸಂಜೀವಯ್ಯನವರು ನಿಮ್ಮ ಪಕ್ಕದ ಬಿಟಿಎಂ ಕಡೆ ಬರುವವರಿದ್ದಾರೆ, ಅವರ ಕೈಲಿ ಕಳಿಸುತ್ತೇನೆ. ಮಾವಿನಮರ ಹೂ ಬಿಟ್ಟಿದೆ. ಕಾರ್ಪೊರೇಷನ್ನಿನವರು ರಸ್ತೆ ಅಗೆದು ಹಾಗೇ ಬಿಟ್ಟು ಹೋಗಿದ್ದಾರೆ.

ನೀರು ಚೆನ್ನಾಗಿ ಕುಡಿ. ಒಂದೇ ಕಡೆ ಕೂತಿರಬೇಡ.

ಅಮ್ಮ


ಸುದ್ದಗುಂಟೆಪಾಳ್ಯ
10 ಮಾರ್ಚ್ 2025

ಅಮ್ಮ,

ಚಟ್ನಿಪುಡಿ ತಲುಪಿತ್ತು. ಉತ್ತರ ಬರೆಯಬಾರದು ಅಂದುಕೊಂಡಿದ್ದೆ. ಡಾಕ್ಟರ್ ಕೇಳಿದ್ದು ಮೂರು, ನೀನು ಹೇಳಿದ್ದು ಒಂದು. ಸುಮನ್ ಭಾವನಿಗೆ ಫೋನ್ ಮಾಡಿದೆ. ಫೈಲ್ ಅವರ ಹತ್ತಿರವೇ ಇದೆಯಂತೆ. ಹೆರಿಗೆಯ ಕಾಗದಗಳಷ್ಟೇ ಇವೆ. ಆಮೇಲಿನದು ಒಂದೂ ಇಲ್ಲ.

ನಿನ್ನೆ ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಕೆಂಪಕ್ಕ ಸಿಕ್ಕಿದ್ದಳು. ತುಂಬ ಇಳಿದುಹೋಗಿದ್ದಾಳೆ. ನನ್ನ ಹೊಟ್ಟೆ ನೋಡಿ ಹತ್ತಿರ ಬಂದಳು, ಏನೋ ಹೇಳಲು ಬಾಯಿ ತೆಗೆದಳು. ನಾನು ಮುಖ ತಿರುಗಿಸಿ ಬಸ್ ಹತ್ತಿದೆ. ಹೋದ ವರ್ಷ ನಮ್ಮ ಬೀದಿಯ ಮನೆಯೊಂದರಲ್ಲಿ ಮಗುವಿಗೆ ನೀರು ಹಾಕಲು ಅವಳನ್ನು ಗೊತ್ತುಮಾಡಿದ್ದರು. ಆ ಮನೆಯ ಸುಧಾಮಣಿಗೆ ನಾನೇ ಹೋಗಿ ಹೇಳಿ ಬಿಡಿಸಿದ್ದೆ. ಸರಿಯಾದ್ದನ್ನೇ ಮಾಡಿದೆ ಅಂತಲೇ ಇದ್ದೆ. ಬಸ್ಸಿನಲ್ಲಿ ಕೂತಮೇಲೆ ಯಾಕೋ ಹಾಗನ್ನಿಸಲಿಲ್ಲ.

ನಾಲ್ಕು ದಿನದಿಂದ ಎಡಗಾಲು ಭಾರ. ಸಂಜೆಗೆ ಚಪ್ಪಲಿ ಬಿಗಿಯಾಗುತ್ತೆ. ಬಸುರಿಯರಿಗೆ ಕಾಲು ಊದೋದು ಇದ್ದದ್ದೇ ಅಂತ ಎಲ್ಲರೂ ಹೇಳುತ್ತಾರೆ. ಚೆಕಪ್ ಇಪ್ಪತ್ನಾಲ್ಕಕ್ಕಿದೆ, ಅವತ್ತು ಕೇಳ್ತೀನಿ.

ಶ್ರೀ


ಪದ್ಮನಾಭನಗರ
12 ಮಾರ್ಚ್ 2025

ಶ್ರೀದೇವಿ,

ಮಧ್ಯಾಹ್ನ ನಿನ್ನ ಕಾಗದ ನೋಡಿದ ತಕ್ಷಣ ಕೈಲಾಸ್ ಅವರ ಆಫೀಸಿಗೆ ಫೋನ್ ಮಾಡಿದೆ. "ಇಪ್ಪತ್ನಾಲ್ಕರವರೆಗೂ ಕಾಯಬೇಡಿ, ಈಗಲೇ ಡಾಕ್ಟರಿಗೆ ಹೇಳಿ, ಇವತ್ತೇ ಕಾಲಿನ ಡಾಪ್ಲರ್ ಸ್ಕ್ಯಾನ್ ಮಾಡಿಸಿ" ಎಂದೆ. "ಯಾಕತ್ತೆ, ಅಷ್ಟು ಗಾಬರಿ?" ಎಂದರು. "ಮೇಘಂಗೂ ಎಡಗಾಲೇ ಊದಿತ್ತು, ಸ್ಕ್ಯಾನ್ ಬರ್ದುಕೊಟ್ಟಿದ್ರು ಅಂತ ಡಾಕ್ಟರಿಗೆ ಹೇಳಿ" ಎಂದೆ. ಅವರು "ಈಗ್ಲೇ ಹೊರಡ್ತೀನಿ" ಎಂದರು.

ನೀವು ಈ ಹೊತ್ತಿಗೆ ಅಲ್ಲಿರಬಹುದು. ಉಳಿದದ್ದನ್ನು ಫೋನಿನಲ್ಲಿ ಹೇಳುವ ಶಕ್ತಿ ನನಗಿಲ್ಲ, ಬರೆಯುತ್ತೇನೆ.

ನಾನು ದಿನಾ ಡೈರಿ ಬರೆಯುವುದು ನಿನಗೆ ಗೊತ್ತು. ಆ ದಿನದ ಪುಟ ತೆಗೆದು ನೋಡಿದೆ. "ಮೇಘಳನ್ನು ಡಾಕ್ಟರಿಗೆ ತೋರಿಸಿ ಬಂದೆ. ಮಧ್ಯಾಹ್ನ ಮೆಣಸಿನ ಸಾರು. ಮಗು ಚೆನ್ನಾಗಿ ನಿದ್ದೆ ಮಾಡಿತು." ಇಷ್ಟೇ ಇದೆ. ನಾನೊಬ್ಬಳೇ ಓದುವ ಪುಸ್ತಕದಲ್ಲೂ ನಾನು ನಿಜ ಬರೆದಿಲ್ಲ.

ಹೆರಿಗೆಯಾದ ಎಂಟನೇ ದಿನ ಮೇಘ ಎಡಗಾಲು ಭಾರ ಎಂದಳು. ಮಾರನೇ ದಿನ ಕೆಂಪಕ್ಕ ನೀರು ಹಾಕಲು ಬಂದವಳು ಅವಳ ಮೀನಖಂಡ ಮುಟ್ಟಿ ನೋಡಿ ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟಳು. "ಮಂಗಳಮ್ಮೋರೇ, ಈ ಕಾಲು ಆ ಕಾಲಿಗಿಂತ ದಪ್ಪ ಆಗೈತೆ, ಬಿಸಿಯಾಗೂ ಐತೆ. ನಾನಿದನ್ನ ತಿಕ್ಕಲ್ಲ. ಮೊದ್ಲು ಡಾಕ್ಟ್ರಿಗೆ ತೋರ್ಸಿ" ಎಂದಳು. "ಕೆಲ್ಸ ಕಡಿಮೆ ಮಾಡ್ಕೊಳ್ಳೋಕೆ ಎಷ್ಟು ನೆಪಾನೇ ನಿಂಗೆ" ಎಂದೆ ನಾನು. ಅವಳು ತಿಕ್ಕಲಿಲ್ಲ. ಎಡಗಾಲನ್ನು ಅವಳು ತಿಕ್ಕಲೇ ಇಲ್ಲ ಶ್ರೀದೇವಿ.

ಹತ್ತನೇ ದಿನ ಡಾಕ್ಟರ ಹತ್ತಿರ ಹೋದೆವು. ಟೇಪು ಹಿಡಿದು ಎರಡೂ ಕಾಲು ಅಳೆದರು. ಡಾಪ್ಲರ್ ಸ್ಕ್ಯಾನ್, ಇವತ್ತೇ, ಎಂದು ಚೀಟಿ ಬರೆದು ಕೊಟ್ಟರು. ಜಯನಗರದ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಆಟೋದಲ್ಲಿ ಹೋದೆವು. ಮೇಘಳ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕಾಲಿಗೆ ಉಲ್ಲನ್ ಸಾಕ್ಸು. ನಾನೇ ಹಾಕಿದ್ದೆ. ನಮ್ಮದು ಹದಿನೇಳನೇ ಟೋಕನ್. ಒಳಗೆ ಎಸಿ. ಕೂರುವ ಸ್ಟೀಲ್ ಬೆಂಚು ಕೂಡ ಕೊರೆಯುತ್ತಿತ್ತು. ಸ್ಕ್ಯಾನ್ ಮುಗಿಸಿ ಬಂದ ಒಬ್ಬ ಹೆಂಗಸು, "ತೊಡೆಯಿಂದ ಪಾದದವರೆಗೂ ಐಸ್ ಥರ ಜೆಲ್ ಮೆತ್ತುತಾರಮ್ಮ" ಎಂದಳು. ಬಾಣಂತಿಗೆ ಹತ್ತನೇ ದಿನ ಅಂಥ ಶೀತ! ನಾನು ಬಾಗಿಲು ತಳ್ಳಿ, "ಹಸಿ ಬಾಣಂತಿ ಇದಾಳೆ, ಎಸಿ ಆರಿಸ್ತೀರಾ?" ಎಂದು ಕೇಳಿದೆ. "ಮೆಷಿನ್ ಇರುತ್ತೆ ಆಂಟಿ, ಆರಿಸೋಕಾಗಲ್ಲ. ಹತ್ತು ನಿಮಿಷದ ಕೆಲ್ಸ, ಏನೂ ಆಗಲ್ಲ" ಎಂದಳು ಒಳಗಿದ್ದ ಹುಡುಗಿ.

ಹದಿನೈದನೇ ಟೋಕನ್ ಕರೆದಾಗ ನಾನು ಎದ್ದೆ. "ನಡಿ, ಹನ್ನೊಂದರ ನೀರು ಮುಗೀಲಿ, ಆಮೇಲೆ ಬರೋಣ" ಎಂದೆ. "ಬಂದಿದೀವಲ್ಲಮ್ಮ, ಮಾಡಿಸ್ಕೊಂಡೇ ಹೋಗೋಣ" ಎಂದಳು. "ನಿಂಗೇನ್ ಗೊತ್ತು, ನಾಳೆ ಸೊಂಟ ಹಿಡ್ಕೊಂಡ್ರೆ ನೋಡೋರು ಯಾರು?" ಎಂದೆ. ನನ್ನ ಮಾತಿಗೆ ಎದುರಾಡುವವಳಲ್ಲ ಅವಳು. ಎದ್ದು ಬಂದಳು.

ಅವತ್ತು ಸಂಜೆ ಹರಳೆಣ್ಣೆ ಬೆಚ್ಚಗೆ ಮಾಡಿ ಆ ಕಾಲನ್ನು ತಿಕ್ಕಿದವಳು ನಾನು. ಮಾರನೇ ದಿನವೂ ನಾನೇ. ಅವಳು "ಮೆಲ್ಲಗಮ್ಮ" ಎಂದಳು. ಬಾಯಾರುತ್ತೆ ಎಂದರೆ ಅರ್ಧ ಲೋಟ ಬಿಸಿನೀರು ಮಾತ್ರ ಕೊಡುತ್ತಿದ್ದೆ. ಹನ್ನೆರಡನೇ ದಿನ ಬೆಳಿಗ್ಗೆ ಬಚ್ಚಲಿನಿಂದ ಬಂದವಳು ಬಾಗಿಲು ಹಿಡಿದುಕೊಂಡು, "ಉಸಿರು ಬರ್ತಿಲ್ಲ" ಎಂದಳು. ಆಂಬುಲೆನ್ಸ್ ಬರುವ ಹೊತ್ತಿಗೆ ಹೋಗಿಬಿಟ್ಟಿದ್ದಳು.

ಮನೆತುಂಬ ಜನ. ನಮ್ಮ ದೊಡ್ಡಮ್ಮ ಒಬ್ಬರು, "ಕಾಲು ತಿಕ್ಕಿದ್ದು ಯಾರು?" ಎಂದರು. ಯಾರೋ "ಇನ್ಯಾರು, ಎಣ್ಣೆನೀರು ಹಾಕೋ ಕೆಂಪಿ" ಎಂದರು. ಎಲ್ಲರೂ ನನ್ನ ಮುಖ ನೋಡಿದರು. ನಾನು ಹೌದು ಎನ್ನಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಅಷ್ಟೇ ಸಾಕಾಯಿತು. ಡಾಕ್ಟರ ಚೀಟಿಯನ್ನು ಅವಳು ಹೋದ ಮೂರನೇ ದಿನ ಹರಿದು ಹಾಕಿದೆ.

ಬಾಣಂತನಕ್ಕೆ ಬರಬೇಡ ಎಂದದ್ದು ಯಾಕೆಂದು ಈಗ ಗೊತ್ತಾಯಿತಲ್ಲ. ನನ್ನ ಕೈಗೆ ನಿನ್ನನ್ನು ಕೊಡಲು ನನಗೇ ಧೈರ್ಯವಿಲ್ಲ.

ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ನಾನೇ ತಂದು ನಿಮ್ಮ ಗೇಟಿನ ಡಬ್ಬಿಗೆ ಹಾಕಿ ಬರುತ್ತೇನೆ. ಬೆಲ್ ಒತ್ತುವುದಿಲ್ಲ.

ಸರ್ವಮಂಗಳಾ


ಸುದ್ದಗುಂಟೆಪಾಳ್ಯ
20 ಮಾರ್ಚ್ 2025

ಅಮ್ಮ,

ಕೈಲಾಸ್ ನಿನಗೆ ಮೆಸೇಜ್ ಹಾಕಿದ್ದಾರೆ, ಗೊತ್ತು. ಆದರೂ ನಾನೇ ಬರೆಯಬೇಕು ಅನ್ನಿಸಿತು. ಆ ಕೋಣೆಯ ಒಳಗೆ ಏನು ಮಾಡ್ತಾರೆ ಅಂತ ನೀನು ನೋಡಿಲ್ಲ. ಬಾಗಿಲವರೆಗೂ ಹೋಗಿ ವಾಪಸ್ ಬಂದವಳು. ಅದಕ್ಕೆ ಹೇಳ್ತೀನಿ, ಪೂರ್ತಿ ಓದು.

ಒಬ್ಬರು ಲೇಡಿ ಡಾಕ್ಟರ್. ನನ್ನನ್ನು ಸ್ವಲ್ಪ ಎಡಕ್ಕೆ ವಾಲಿಸಿ ಮಲಗಿಸಿದರು. ತೊಡೆಸಂದಿಯಲ್ಲಿ ಜೆಲ್ ಹಾಕಿ, ಸೋಪಿನಷ್ಟು ದೊಡ್ಡ ಒಂದು ಸಾಧನ ಇಟ್ಟರು. ಪರದೆ ನನ್ನ ಕಡೆಗೂ ತಿರುಗಿತ್ತು. "ನೋಡಮ್ಮ, ಈ ಕಪ್ಪು ಉಂಗುರ ಇದೆಯಲ್ಲ, ಅದೇ ರಕ್ತನಾಳ. ನಾನು ಮೇಲಿಂದ ಒತ್ತಿದ್ರೆ ಅದು ಚಪ್ಪಟೆಯಾಗಿ ಮುಚ್ಕೋಬೇಕು. ಬಿಟ್ರೆ ತೆರ್ಕೋಬೇಕು. ಒಳಗೆ ಗಡ್ಡೆ ಇದ್ರೆ ಮುಚ್ಕೊಳ್ಳಲ್ಲ. ಇಷ್ಟೇ ಪರೀಕ್ಷೆ" ಅಂದರು. ಮೊದಲು ಬಲಗಾಲು. ಒಂದು ಬೆರಳಗಲ ಕೆಳಗೆ ಸರಿದು ಒತ್ತೋದು, ಮತ್ತೆ ಸರಿದು ಒತ್ತೋದು. ಪ್ರತಿಸಲವೂ ಕಣ್ಣು ಮಿಟುಕಿಸಿದ ಹಾಗೆ ಮುಚ್ಚಿ ತೆರೆಯುತ್ತಿತ್ತು. ಕೈಲಾಸ್ ಗಾಬರಿಯಲ್ಲೂ, "ಮೇಡಂ, ಕಣ್ಣು ಹೊಡೀತಿದೆ" ಅಂದರು. ಅವರು ನಕ್ಕರು.

ಎಡಗಾಲಿನ ತೊಡೆಯಲ್ಲೂ ಮುಚ್ಚಿಕೊಂಡಿತು. ಮಂಡಿಯ ಹಿಂದೆ ಬಂದಾಗ ಒತ್ತಿದರು. ಉಂಗುರ ಹಾಗೇ ಇತ್ತು. ಮತ್ತೆ ಒತ್ತಿದರು. ಹಾಗೇ ಇತ್ತು. ಮೀನಖಂಡವನ್ನು ಮೆಲ್ಲಗೆ ಹಿಂಡಿ ನೋಡಿದರು. ಬಲಗಾಲಿನಲ್ಲಿ ಹಿಂಡಿದಾಗ ಪರದೆ ತುಂಬ ಬಣ್ಣ ಚಿಮ್ಮಿತ್ತು, ಇಲ್ಲಿ ಅಂಚಿನಲ್ಲಿ ಒಂದು ಎಳೆ ಮಾತ್ರ. "ಸಣ್ಣದಿದೆ, ಮೇಲಕ್ಕೆ ಹೋಗಿಲ್ಲ. ಸರಿಯಾದ ಹೊತ್ತಿಗೆ ಬಂದ್ರಿ" ಅಂದರು. ಎರಡು ಕಾಲಿಗೆ ಇಪ್ಪತ್ತು ನಿಮಿಷ ಆಗಿರಬಹುದು.

ಜೆಲ್ ತಣ್ಣಗಿತ್ತು ಅಮ್ಮ. ಹಾಕಿದಾಗ ಒಂದು ಕ್ಷಣ. ಆಮೇಲೆ ಮೈಬಿಸಿಗೆ ಅದೂ ಬೆಚ್ಚಗಾಯಿತು.

ಮನೆಗೆ ಬಂದ ಮಾರನೇ ದಿನ ಗೇಟಿನ ಡಬ್ಬಿಯಲ್ಲಿ ನಿನ್ನ ಕಾಗದ. ಅದನ್ನು ಓದಿದಮೇಲೆ ಒಂದು ವಾರ ನಾನು ಏನು ಮಾಡಿದೆ ಅಂತ ಬರೆಯೋದಿಲ್ಲ. ನೀನು ಕೈಲಾಸ್‌ಗೆ ಫೋನ್ ಮಾಡಿದ್ದಕ್ಕೇ ನಾನು ಇದ್ದೀನಿ, ಹೊಟ್ಟೆಯಲ್ಲಿರುವುದೂ ಇದೆ. ಅಕ್ಕ ಇಲ್ಲದೇ ಇರೋದೂ ನಿನ್ನಿಂದಲೇ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳೋಕೆ ನನಗೆ ಬರ್ತಿಲ್ಲ.

ದಿನಾ ಒಂದು ಇಂಜೆಕ್ಷನ್, ಹೊಟ್ಟೆಯ ಚರ್ಮಕ್ಕೆ. ಹೆರಿಗೆಯವರೆಗೂ, ಆಮೇಲೆ ಕಡಿಮೆಯೆಂದರೆ ಆರು ವಾರ. ಮಲಗಿಯೇ ಇರಬಾರದಂತೆ, ನಡೆಯಬೇಕಂತೆ.

ನೀನು ಅಳುತ್ತಾ ಬರಬೇಡ. ಬರುವುದಾದರೆ ಮೊದಲು ಇಟ್ಟಮಡುವಿಗೆ ಹೋಗಿ ಕೆಂಪಕ್ಕನ ಎದುರು ನಿಂತು ಹೇಳು. ಅಲ್ಲಿಯವರೆಗೂ ನಿನ್ನ ಮುಖ ನೋಡೋಕೆ ನನಗಾಗಲ್ಲ. ನಾನೂ ಹೇಳಬೇಕಾದ ಕಡೆ ಹೇಳ್ತೀನಿ.

ಶ್ರೀದೇವಿ


ಪದ್ಮನಾಭನಗರ
7 ಏಪ್ರಿಲ್ 2025

ಶ್ರೀದೇವಿ,

ಹೋಗಿ ಬಂದೆ. ಎರಡು ವಾರ ತಡಮಾಡಿದ್ದಕ್ಕೆ ಕಾರಣ ಹೇಳುವುದಿಲ್ಲ. ಎರಡು ಸಲ ಬಸ್ ಸ್ಟಾಪಿನವರೆಗೂ ಹೋಗಿ ಮನೆಗೆ ಬಂದೆ.

ಕೆಂಪಕ್ಕ ಮಹಡಿಯ ಮೇಲೆ ಶೀಟಿನ ಮನೆಯಲ್ಲಿದ್ದಾಳೆ. ಇಪ್ಪತ್ತು ವರ್ಷ ನಮ್ಮ ಮನೆಗೆ ಬಂದುಹೋದವಳು, ಅವಳ ಮನೆ ನಾನು ನೋಡಿದ್ದು ಇದೇ ಮೊದಲು. ಗೋಡೆಯಲ್ಲಿ ಬುದ್ಧನ ಪಟ, ಕೆಳಗೆ ಮಲ್ಲಿಗೆ. ಪಕ್ಕದ ಮನೆಯ ಸೀತಮ್ಮ ಎನ್ನುವವಳ ಜೊತೆ ಹುರುಳಿಕಾಯಿ ಬಿಡಿಸುತ್ತ ಕೂತಿದ್ದಳು.

"ಏನ್ ಮಂಗಳಮ್ಮೋರೇ, ದಾರಿ ತಪ್ಪಿ ಬಂದ್ರಾ?" ಎಂದಳು.

"ಇಲ್ಲ ಕೆಂಪಕ್ಕ, ನಿನ್ನ ನೋಡೋಕೇ ಬಂದೆ."

"ನೋಡಿ ಹಂಗಾದ್ರೆ. ಟಿಕೇಟಿಲ್ಲ."

ಸೀತಮ್ಮ ಕಿಸಕ್ಕನೆ ನಕ್ಕಳು. ಎದ್ದು ಹೋಗಲೂ ಇಲ್ಲ. ಅವಳ ಎದುರೇ ಹೇಳಿದೆ. ಸ್ಕ್ಯಾನ್ ಸೆಂಟರಿನಿಂದ ಎದ್ದು ಬಂದದ್ದು, ಕಾಲನ್ನು ನಾನೇ ತಿಕ್ಕಿದ್ದು, ಎಲ್ಲರೂ ಅವಳ ಹೆಸರು ಹೇಳಿದಾಗ ನಾನು ಬಾಯಿ ಬಿಡದೆ ಇದ್ದದ್ದು, ಎಲ್ಲವನ್ನೂ. ಕೆಂಪಕ್ಕ ಹುರುಳಿಕಾಯಿಯ ನಾರು ತೆಗೆಯುವುದನ್ನು ನಿಲ್ಲಿಸಲಿಲ್ಲ.

"ನಾನು ತಿಕ್ಕಿಲ್ಲ ಅಂತ ನಂಗೆ ಗೊತ್ತಿಲ್ವಾ? ನಂಗ್ಯಾಕೆ ಹೇಳ್ತೀರಿ. ಗೊತ್ತಿಲ್ದೋರಿಗೆ ಹೇಳಿ" ಎಂದಳು.

"ಅವತ್ತೇ ನೀನು ಹೇಳಬಹುದಿತ್ತಲ್ಲ ಕೆಂಪಕ್ಕ" ಎಂದೆ. ಎಂಥ ಮಾತು ನೋಡು, ನನ್ನ ಬಾಯಿಂದ ಬಂದದ್ದು.

ಸೀತಮ್ಮನೇ ತಿರುಗಿಬಿದ್ದಳು. "ಹೇಳಿದ್ರೆ ನಂಬೋರಾ? ನಿಮ್ಮೋರು ಹದಿನೈದು ಜನ, ಇವಳೊಬ್ಳು. ಅದ್ರಲ್ಲೂ ಇವಳು!"

"ಸುಮ್ನಿರೇ ಸೀತಿ" ಎಂದಳು ಕೆಂಪಕ್ಕ. ಆಮೇಲೆ ನನ್ನ ಕಡೆ ನೋಡಿದಳು. "ಆರು ಮನೆ ಹೋಯ್ತು. ಈಗ ಕಲ್ಯಾಣ ಮಂಟಪದಲ್ಲಿ ಪಾತ್ರೆ ತೊಳೀತೀನಿ. ಪಾತ್ರೆಗಳು ಅಳಲ್ಲ, ಅದೊಂದು ಸುಖ. ಆದ್ರೆ ಎತ್ಕೊಂಡ್ರೆ ನಗೋದೂ ಇಲ್ಲ."

ಒಳಗೆ ಹೋಗಿ ಸೆರಗು ಸರಿಮಾಡಿಕೊಂಡು, ಚಪ್ಪಲಿ ಹಾಕಿಕೊಂಡು ಬಂದಳು. "ನಡೀರಿ" ಎಂದಳು.

"ಎಲ್ಲಿಗೆ?"

"ಆರು ಮನೆಗೆ."

ಅವತ್ತು ನಾಲ್ಕು ಮನೆಗೆ ಹೋದೆವು. ನಾನು ಬಾಗಿಲ ಬಳಿ ಹೋಗುತ್ತಿದ್ದೆ, ಅವಳು ಗೇಟಿನ ಹೊರಗೇ ನಿಲ್ಲುತ್ತಿದ್ದಳು. ಮೊದಲ ಮನೆಯಲ್ಲಿ ನನ್ನ ದನಿ ಏಳಲಿಲ್ಲ. ಅವಳು ಹಿಂದಿನಿಂದ, "ಜೋರಾಗಿ ಹೇಳಿ, ನಂಗೂ ಕೇಳ್ಬೇಕು" ಎಂದಳು. ಜೋರಾಗಿ ಹೇಳಿದೆ. ಪಕ್ಕದ ಮನೆಯವರೂ ಕಿಟಕಿಗೆ ಬಂದರು. ಒಂದು ಮನೆಯಲ್ಲಿ, "ಈಗ ಹೇಳಿ ಏನ್ ಪ್ರಯೋಜನ ಆಂಟಿ, ನಮ್ಮ ಮಗು ಆಗ್ಲೇ ಓಡಾಡ್ತಿದೆ" ಎಂದರು. ಇನ್ನೊಂದರಲ್ಲಿ ನಿನ್ನ ವಯಸ್ಸಿನ ಹುಡುಗಿ ಬಾಗಿಲ ಚೈನು ತೆಗೆಯದೆ ಎಲ್ಲ ಕೇಳಿಸಿಕೊಂಡು, "ನೀವು ಆ ತಾಯಿನಾ?" ಎಂದಳು. ಹೌದು ಎಂದೆ. ಬಾಗಿಲು ಹಾಕಿಕೊಂಡಳು. ನಾನು ಮೆಟ್ಟಿಲ ಮೇಲೇ ಕೂತುಬಿಟ್ಟೆ. ಕೆಂಪಕ್ಕ ಬಂದು ಪಕ್ಕದಲ್ಲಿ ನಿಂತಳು. ಸಮಾಧಾನ ಮಾಡಲಿಲ್ಲ. "ಎದ್ದೇಳಿ, ಇನ್ನೂ ಒಂದೈತೆ ಈ ಕಡೆ" ಎಂದಳು.

ಐದನೆಯದಕ್ಕೆ ನಿನ್ನೆ ಹೋದೆವು. ಆರನೆಯದು ನಿಮ್ಮ ಬೀದಿಯ ಸುಧಾಮಣಿಯ ಮನೆ. "ಅದು ನಿಮ್ಮ ಮಗಳು ಬಿಡ್ಸಿದ್ದು. ಅದನ್ನ ಅವಳಿಗೇ ಬಿಡ್ತೀನಿ" ಎಂದಳು.

ನಿನ್ನ ಬಗ್ಗೆ ಕೇಳಿದಳು. ಸ್ಕ್ಯಾನ್ ಆಯಿತು, ಇಂಜೆಕ್ಷನ್ ನಡೆಯುತ್ತಿದೆ ಎಂದೆ. ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಕಾಲು ನೋಡಿಯೇ ಮಾತಾಡಿಸಲು ಬಂದಿದ್ದಳಂತೆ.

ಇವತ್ತು ಡೈರಿಯಲ್ಲಿ ಆ ಹಳೆಯ ಪುಟದ ಕೆಳಗೆ ಉಳಿದದ್ದನ್ನು ಬರೆದೆ. ಜಾಗ ಸಾಲದೆ ಅಂಚಿನಲ್ಲೆಲ್ಲ ಬರೆಯಬೇಕಾಯಿತು.

ನೀನು ಕರೆದರೆ ಬರುತ್ತೇನೆ. ಕರೆಯದಿದ್ದರೂ ಅದು ಸರಿಯೇ.

ಅಮ್ಮ


ಸುದ್ದಗುಂಟೆಪಾಳ್ಯ
15 ಏಪ್ರಿಲ್ 2025

ಅಮ್ಮ,

ಮೊನ್ನೆ ಸುಧಾಮಣಿಯ ಮನೆಗೆ ಹೋಗಿ ಹೇಳಿದೆ. ಕೆಂಪಕ್ಕನನ್ನೂ ಕರೆದಿದ್ದೆ. ನನಗೂ "ಜೋರಾಗಿ ಹೇಳವ್ವ" ಅಂದಳು. ಹೇಳಿದೆ. ವಾಪಸ್ ಬರುವಾಗ ಬೀದಿಯಲ್ಲೇ ನಿಲ್ಲಿಸಿ ಎರಡೂ ಕಾಲು ನೋಡಿದಳು, ಮುಟ್ಟಲಿಲ್ಲ. ಜೂನ್‌ನಲ್ಲಿ ಮಗುವಿಗೆ ನೀರು ಹಾಕಲು ಬರ್ತೀಯಾ ಅಂತ ಕೇಳಿದೆ. "ಯೋಚ್ನೆ ಮಾಡಿ ಹೇಳ್ತೀನಿ" ಅಂದಳು. ಅವಳು ಯೋಚನೆ ಮಾಡಲಿ.

ನಿನ್ನನ್ನು ಕ್ಷಮಿಸಿದೆ ಅಂತ ಬರೆಯೋಣ ಅಂತ ನಿನ್ನೆ ಕೂತೆ. ಬರಲಿಲ್ಲ. ಸುಳ್ಳು ಬರೆಯೋದು ಬೇಡ ಅಂತ ಬಿಟ್ಟೆ. ಆ ಕೋಪ ಇನ್ನೆಷ್ಟು ದಿನ ಇರುತ್ತೋ ನನಗೇ ಗೊತ್ತಿಲ್ಲ. ಸಂಜೆ ಕೂತಿದ್ದಾಗ ಇದ್ದಕ್ಕಿದ್ದ ಹಾಗೆ ಬರುತ್ತೆ. ನೀನು ಎದುರಿಗಿದ್ದಾಗಲೂ ಬರುತ್ತೆ. ಆಗ ನೀನು ಎದ್ದು ಹೋಗಬಾರದು.

ಕೈಲಾಸ್‌ಗೆ ನಾಳೆಯಿಂದ ಹತ್ತು ದಿನ ಧಾರವಾಡದಲ್ಲಿ ಕೆಲಸ. ಇಂಜೆಕ್ಷನ್ ಅವರೇ ಕೊಡುತ್ತಿದ್ದರು. ಹೊಟ್ಟೆ ಬೆಳೆದಿದೆ, ಸೂಜಿ ಎಲ್ಲಿ ಹೋಗ್ತಿದೆ ಅಂತ ನನಗೆ ಕಾಣಿಸಲ್ಲ. ಕ್ಲಿನಿಕ್ಕಿನ ನರ್ಸ್ ಇನ್ನೊಬ್ಬರಿಗೆ ಹೇಳಿಕೊಡ್ತೀನಿ, ಮನೆಯವರು ಯಾರಾದರೂ ಬನ್ನಿ ಅಂದಿದ್ದಾರೆ. ಎರಡು ಬೆರಳಲ್ಲಿ ಚರ್ಮ ಹಿಡಿದು, ಸೂಜಿ ನೇರ ಇಳಿಸಿ, ಹತ್ತು ಎಣಿಸಿ ತೆಗೆಯಬೇಕು. ಕಷ್ಟ ಏನಿಲ್ಲ. ನೀನು ಕಲಿಯಬಹುದು.

ಈ ಕಾಗದವನ್ನು ಕೈಲಾಸ್ ಇವತ್ತೇ ತಂದು ನಿನ್ನ ಕೈಗೆ ಕೊಡ್ತಾರೆ. ನಾಳೆ ಸಂಜೆ ಆರು ಗಂಟೆಗೆ ಇಂಜೆಕ್ಷನ್. ಐದಕ್ಕೆ ಬಾ, ಕ್ಲಿನಿಕ್ಕಿಗೆ ಇಬ್ಬರೂ ನಡೆದುಕೊಂಡೇ ಹೋಗೋಣ. ಬಾಣಂತನ ಯಾರ ಮನೆಯಲ್ಲಿ ಅನ್ನೋದನ್ನ ಈಗ ಮಾತಾಡೋದು ಬೇಡ. ಹೆರಿಗೆಗೆ ಇನ್ನೂ ಐವತ್ತು ಇಂಜೆಕ್ಷನ್ ಇದೆ. ಮೊದಲು ನಾಳೆಯದು ಆಗಲಿ.

ಶ್ರೀ